ಚಿಕ್ಕಿ ಹಚ್ಚಿದ ಸಾಲು

ಮಾತು ಕೊಡುವುದು ಕಷ್ಟದ ಕೆಲಸವಲ್ಲ. ಎದುರಿಗೆ ಬಿಸಿ ಅವಲಕ್ಕಿಯ ತಾಟು, ಬಾಜುವಿಗೆ ಮಗಳ ಹಾಗೆ ನೋಡುವ ಹಿರಿಯರು ಇದ್ದರಂತೂ ಅದು ತಾನಾಗಿಯೇ ಬಾಯಿಂದ ಉದುರುತ್ತದೆ. ಖಾನಾಪುರದ ಬಾಂಡ್ ರೈಟರ್ ತಾತ್ಯಾಸಾಹೇಬರ ಪಡಸಾಲೆಯಲ್ಲಿ ಕೂತು ಬ್ರಾಹ್ಮಿ ಮಾತು ಕೊಟ್ಟಿದ್ದೂ ಹಾಗೆಯೇ.

“ನಿಮ್ಮ ಹಳೇ ನಮೂನಿ ಒಂದೂ ಕೆಡೂದಿಲ್ರಿ ಕಾಕಾ. ಕರಣಿಕ ಎಷ್ಟ ಹೊಸಾದಾದ್ರೂ ನಿಮ್ಮ ಪತ್ರ ಮೊದಲ ಹೆಂಗ ಬರ್ತಿದ್ವು ಹಂಗ ಬರ್ತಾವು. ಅದು ನನ್ನ ಜವಾಬ್ದಾರಿ.”

“ನೀ ಹೇಳಿದ ಮ್ಯಾಲ ಮುಗೀತ ಬಿಡವಾ,” ಎಂದರು ತಾತ್ಯಾಸಾಹೇಬರು. ಅಷ್ಟರಲ್ಲಿ ಪತ್ರ ಬರೆಸಲು ಬಂದ ಯಾರೋ ಹೊರಗಿನಿಂದ ಇಣುಕಿ, ಈ ಹುಡುಗಿ ಯಾರೆಂದು ಕೇಳಿದರು. “ನಮ್ಮ ಮನಿ ಹುಡುಗಿ,” ಎಂದು ಅವರು ಎದೆ ಉಬ್ಬಿಸಿ ಹೇಳಿದರು. ಸಂಬಂಧ ಏನೂ ಇರಲಿಲ್ಲ. ಇಬ್ಬರೂ ಜೈನರು, ಬೆಳಗಾವಿ ಕೋಟೆಯ ಕಮಲ ಬಸದಿಯಲ್ಲಿ ಒಮ್ಮೆ ಭೇಟಿಯಾಗಿದ್ದರು, ಅಷ್ಟೇ. ಆದರೂ ಬ್ರಾಹ್ಮಿ ಖಾನಾಪುರಕ್ಕೆ ಬಂದಾಗಲೆಲ್ಲ ತಾತ್ಯಾಸಾಹೇಬರ ಹೆಂಡತಿ ರತ್ನಮಾಲಾ ಕಾಕು, “ಹೊತ್ತ ಮುಣಗೂದ್ರೊಳಗ ಉಂಡ ಹೋಗು,” ಎಂದು ಹಟ ಹಿಡಿದು ಉಣ್ಣಿಸಿಯೇ ಬಸ್ಸಿಗೆ ಕಳಿಸುತ್ತಿದ್ದಳು; ಹೊತ್ತು ಮುಳುಗಿದ ಮೇಲೆ ಜೈನರು ಉಣ್ಣುವುದಿಲ್ಲ.

ಕರಣಿಕ ಎಂದರೆ ಕಂಪ್ಯೂಟರಿನಲ್ಲಿ ಕನ್ನಡ, ಮರಾಠಿ ಪತ್ರ ಬರೆಯುವ ತಂತ್ರಾಂಶ. ಬೆಳಗಾವಿಯ ರವಿವಾರ ಪೇಟೆಯಲ್ಲಿ, ಬೆಲ್ಲವನ್ನು ಸಗಟಾಗಿ ಮಾರುವ ಠೋಕ ಅಂಗಡಿಯ ಮೇಲಿನ ಮಾಳಿಗೆಯಲ್ಲಿ, ಮಾರ್ತಾಂಡ ಎಂಬಾತ ಹದಿನೆಂಟು ವರ್ಷದ ಹಿಂದೆ ಒಬ್ಬನೇ ಕೂತು ಅದನ್ನು ಕಟ್ಟಿದ್ದ; ಬ್ರಾಹ್ಮಿ ಈಗ ಅವನ ಕೈಕೆಳಗೆ ಕೆಲಸಕ್ಕಿದ್ದಳು. ಅದರ ಹೆಚ್ಚುಗಾರಿಕೆ ಇದ್ದದ್ದೇ ನಮೂನೆಗಳಲ್ಲಿ. ಖರೀದಿ ಪತ್ರವನ್ನೋ ಆಸ್ತಿ ಪಾಲು ಮಾಡುವ ವಾಟ್ಣಿ ಪತ್ರವನ್ನೋ ಒಮ್ಮೆ ಪೂರ್ತಿ ಟೈಪು ಮಾಡಿ, ಹೆಸರು ಬದಲಾಗುವ ಜಾಗದಲ್ಲೆಲ್ಲ ಎರಡು ಗುರುತುಗಳ ನಡುವೆ ‘ಕೊಡುವವರ ಹೆಸರು’, ‘ಊರು’ ಎಂದು ಬರೆದಿಟ್ಟರೆ ಸಾಕು. ಮುಂದಿನ ಸಲ ಕರಣಿಕ ಒಂದೊಂದನ್ನೇ ಕೇಳಿ ತುಂಬಿಸಿಕೊಂಡು ಹೊಸ ಪತ್ರ ಮಾಡಿಕೊಡುತ್ತಿತ್ತು. ತಾಲೂಕಿನ ಬಾಂಡ್ ರೈಟರುಗಳು ಅದನ್ನು ಮೊದಲು ಅನುಮಾನಿಸಿದರು, ಆಮೇಲೆ ಅದಿಲ್ಲದೆ ಕೈಯೇ ಓಡದವರಾದರು.

ತಾತ್ಯಾಸಾಹೇಬರ ಹತ್ತಿರ ಇನ್ನೂರಾ ಹನ್ನೆರಡು ನಮೂನೆಗಳಿದ್ದವು. ಎಲ್ಲವೂ ಅವರ ತಂದೆ ಮಸಿಯಲ್ಲಿ ಬರೆದಿಟ್ಟ ದಪ್ಪ ವಹಿಯಿಂದ ಇಳಿಸಿದ್ದು. ಆ ವಹಿಯಲ್ಲಿ ಒಂದು ಪದ್ಧತಿ ಇತ್ತು. ಯಾವ ಸಾಲು ಜೀವ ಹೋದರೂ ಬಿಟ್ಟುಹೋಗಬಾರದೋ ಅದರ ಮೊದಲಿಗೆ ತಂದೆ ಕೆಂಪು ಪೆನ್ಸಿಲಿನಿಂದ ಒಂದು ಚಿಕ್ಕಿ, ಅಂದರೆ ನಕ್ಷತ್ರದ ಗುರುತು, ಬರೆಯುತ್ತಿದ್ದರು. ವಿಧವೆಗೆ ಇರಲು ಮನೆ, ಅಂಗವಿಕಲ ತಮ್ಮನಿಗೆ ಊಟ, ಬಾವಿಗೆ ಹೋಗುವ ದಾರಿ, ಇಂಥ ಸಾಲುಗಳು. ಮಗ ವಹಿಯನ್ನು ಕಂಪ್ಯೂಟರಿಗೆ ಇಳಿಸುವಾಗ ಚಿಕ್ಕಿಗಳನ್ನೂ ಇಳಿಸಿದರು. ಹಳೆಯ ಕರಣಿಕ ಸಾಲಿನ ಮೊದಲಿಗೆ ಬಂದ ಚಿಕ್ಕಿಯನ್ನು ನುಂಗಿ, ಸಾಲನ್ನು ಮಾತ್ರ ಚೊಕ್ಕವಾಗಿ ಅಚ್ಚು ಹಾಕುತ್ತಿತ್ತು. ಅದು ಮಾರ್ತಾಂಡ ಬೇಕೆಂದು ಮಾಡಿದ್ದಲ್ಲ, ಕೈತಪ್ಪಿನಿಂದ ಆದದ್ದು. ಯಾವ ಕೈಪಿಡಿಯಲ್ಲೂ ಅದರ ಸುದ್ದಿ ಇರಲಿಲ್ಲ. ತಾತ್ಯಾಸಾಹೇಬರು ಮಾತ್ರ, ಇದು ನಮ್ಮಂಥವರಿಗೆಂದೇ ತಿಳಿದು ಮಾಡಿದ ಅನುಕೂಲ ಎಂದು ನಂಬಿದ್ದರು.

ತಂದೆಯಿಂದ ಬಂದ ಇನ್ನೊಂದು ರೂಢಿಯೂ ಇತ್ತು. ಸಹಿಗೆ ಮೊದಲು ಅವರು ಎದ್ದು ನಿಂತು ಪತ್ರವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಕಾಗದ ಕೈಯಲ್ಲಿ ಇರುತ್ತಿತ್ತು, ಕಣ್ಣು ಅದರ ಮೇಲೆ ಇರುತ್ತಿರಲಿಲ್ಲ. ಹಕ್ಕು ಬಿಟ್ಟುಕೊಡುವವರ ಮುಖ ನೋಡುತ್ತ ಓದಬೇಕು, ಮುಖದಲ್ಲಿ ಒಂದು ಗೆರೆ ಬದಲಾದರೂ ನಿಲ್ಲಿಸಬೇಕು ಎಂದು ತಂದೆ ಕಲಿಸಿದ್ದರು. ಎಲ್ಲ ಬಾಯಿಪಾಠವಾಗಿದ್ದರಿಂದ ಮಗನಿಗೆ ಅದು ಕಷ್ಟವೂ ಆಗಿರಲಿಲ್ಲ. ಚಿಕ್ಕಿ ಹಚ್ಚಿದ ಸಾಲು ಬಂದಾಗ ಅವರ ದನಿ ಒಂದು ಮೆಟ್ಟಿಲು ಏರುತ್ತಿತ್ತು. ನೋಂದಣಿ ಕಚೇರಿಯ ಅಂಗಳದ ಬೇವಿನ ಮರದ ಕೆಳಗೆ ಚಹಾ ಕುಡಿಯುವವರೂ ಲೋಟ ಕೆಳಗಿಟ್ಟು ಕೇಳುತ್ತಿದ್ದರು.

ಈ ಎರಡು ರೂಢಿಗಳ ನಡುವೆಯೇ ಕೇಡು ಸದ್ದಿಲ್ಲದೆ ಬಂದು ಕೂತುಕೊಂಡಿತು.

ಮಾರ್ತಾಂಡನಿಗೆ ಪುಣೆಯ ಕಂಪನಿಯೊಂದು ಗಂಟು ಬಿದ್ದಿತ್ತು. ಕರಣಿಕವನ್ನು ಕೊಳ್ಳುತ್ತೇವೆ, ಆದರೆ ನಮೂನೆ ಬರೆಯುವ ಕ್ರಮ ಎಲ್ಲ ಕಡೆ ಇರುವ ಹಾಗೆ ಆಗಬೇಕು ಎಂದು ಅವರು ಹೇಳಿದರು. ಹೊಸ ಕ್ರಮ ಬರೆಯುವ ಕೆಲಸ ಬ್ರಾಹ್ಮಿಯ ಪಾಲಿಗೆ ಬಂತು. ಅವಳು ಹೊಸದನ್ನು ಬರೆದಳು, ಹಳೆಯದನ್ನು ಕೀಳಲಿಲ್ಲ. ನಮೂನೆ ತೆರೆದ ಕೂಡಲೇ ಅದು ಯಾವ ಕಾಲದ್ದೆಂದು ನೋಡಿ, ಹಳೆಯದಾದರೆ ಹಳೆಯ ರೀತಿಯಲ್ಲೇ, ಹೊಸದಾದರೆ ಹೊಸ ರೀತಿಯಲ್ಲೇ ಓದುವ ಹಾಗೆ ಮಾಡಿದಳು. ಎರಡು ತಿಂಗಳ ಕೆಲಸ. ಮಾರ್ತಾಂಡನ ಹದಿನೆಂಟು ವರ್ಷದ ತಪ್ಪುಗಳನ್ನೆಲ್ಲ ಒಂದೊಂದಾಗಿ ಹುಡುಕಿ, ಅವೇ ತಪ್ಪುಗಳನ್ನು ಬೇಕೆಂದೇ ಮತ್ತೆ ಮಾಡುವ ಕೆಲಸ. ಹೊಗಳಿಕೆ ತರುವ ಕೆಲಸವಲ್ಲ ಅದು. ಚೆನ್ನಾಗಿ ಮಾಡಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಪುಣೆಯವರು ಬರುವ ಹಿಂದಿನ ವಾರ ಮಾರ್ತಾಂಡ ಅದನ್ನು ನೋಡಿ ಹಣೆ ಗಂಟಿಕ್ಕಿದ. “ಈ ಹಳೇ ಓದೂ ಭಾಗ ಯಾಕ ಇಟ್ಟಿ? ತಗಿ ಅದನ್ನ. ಹಳೇ ನಮೂನಿ ಎಲ್ಲಾ ಒಮ್ಮೆ ಹೊಸಾದಕ್ಕ ಬದಲ ಮಾಡಿಬಿಡು, ಮುಗೀತು. ರೈಲ್ವೆಯವರು ಮೀಟರ್ ಗೇಜ್ ಕಿತ್ತ ಒಗದ ಮ್ಯಾಲ ಹಳೇ ಡಬ್ಬಿ ಓಡಸಾಕ ಹತ್ಯಾರೇನು?”

“ಡಬ್ಬಿ ಬಿಟ್ರು ಸರ್, ಒಳಗಿನ ಮಂದಿನ್ನ ಇಳಿಸಿ ಬಿಟ್ರು. ನಾವು ಮಂದಿ ಸಮೇತ ಬಿಡಾಕ ಹೊಂಟೀವಿ.”

“ಭಾಷಣ ಬ್ಯಾಡ. ಪುಣೆಯವರಿಗೆ ಎರಡೆರಡ ಪದ್ಧತಿ ಕಂಡ್ರ ಹೊಲಸ ಅನಸ್ತೈತಿ.”

ಹೊಲಸು! ಅವನು ತಾನೇ ಹೆತ್ತ ಕೂಸಿನ ಬಗ್ಗೆ ಆ ಮಾತು. ಬ್ರಾಹ್ಮಿ ಹಲ್ಲು ಕಚ್ಚಿ ಹಳೆಯ ಭಾಗವನ್ನು ತೆಗೆದಳು. ಹಳೆಯ ನಮೂನೆಯನ್ನು ಹೊಸ ಕ್ರಮಕ್ಕೆ ಬದಲಿಸುವ ಭಾಗವನ್ನು ಬರೆದಳು. ಸೋಮವಾರ ತಾತ್ಯಾಸಾಹೇಬರ ಇನ್ನೂರಾ ಹನ್ನೆರಡನ್ನೂ ಅದರಲ್ಲಿ ಹಾಕಿ, ಹಳೆಯ ಅಚ್ಚು, ಹೊಸ ಅಚ್ಚು ಬಾಜು ಬಾಜು ಇಟ್ಟು ನೋಡಿದಳು. ಹೊಸ ಕ್ರಮದಲ್ಲಿ ಸಾಲಿನ ಮೊದಲಿಗೆ ಚಿಕ್ಕಿ ಇದ್ದರೆ ಅದು ಬರೆಯುವವನ ಸ್ವಂತದ ಟಿಪ್ಪಣಿ, ಅಚ್ಚಿಗಲ್ಲ ಎಂದು ಅರ್ಥ. ಅರವತ್ತೊಂದು ಸಾಲುಗಳು ಪರದೆಯ ಮೇಲೆ ತುಸು ಮಬ್ಬಾಗಿ ಕಾಣುತ್ತಿದ್ದವು, ಕಾಗದದ ಮೇಲೆ ಇರಲೇ ಇಲ್ಲ. ಬಿಡಲೇಬಾರದ ಸಾಲುಗಳೇ ಹುಡುಕಿ ಹುಡುಕಿ ಬಿಟ್ಟು ಹೋಗಿದ್ದವು.

ಅವಳು ಅರವತ್ತೊಂದನ್ನೂ ಪಟ್ಟಿ ಮಾಡಿ, ತಾತ್ಯಾಸಾಹೇಬರ ಹೆಸರು ಬರೆದು, ತಾರೀಖು ಹಾಕಿ ಮಾರ್ತಾಂಡನಿಗೆ ಮೇಲ್ ಕಳಿಸಿದಳು. ಎದುರಿಗೂ ಹೋಗಿ ಹೇಳಿದಳು.

“ಒಬ್ಬ ಮುದುಕ ಚಿಕ್ಕಿ ಹಚ್ಚ್ಯಾನಂತ ನಾ ಎಲ್ಲಾ ನಿಲ್ಲಿಸಬೇಕೇನು? ಮುಂದಿನ ಸಲದ್ದರಾಗ ನೋಡೂಣು,” ಎಂದ ಮಾರ್ತಾಂಡ. ಮಂಗಳವಾರ ಮುಂಜಾನೆ ಹೊಸ ಕರಣಿಕ ಇಂಟರ್ನೆಟ್ಟಿನ ಮೂಲಕ ಎಲ್ಲರ ಕಂಪ್ಯೂಟರಿಗೂ ತಾನಾಗಿಯೇ ಹೋಗಿ ಕೂತುಕೊಂಡಿತು. ಯಾರನ್ನೂ ಕೇಳಲಿಲ್ಲ.

ಬ್ರಾಹ್ಮಿಯ ಕೈಯಲ್ಲಿ ಫೋನಿತ್ತು. ತಾತ್ಯಾಸಾಹೇಬರ ನಂಬರ್ ಇತ್ತು. ‘ಕಾಕಾ, ಎರಡು ದಿನ ಪತ್ರ ತೆಗೀಬ್ಯಾಡ್ರಿ’ ಎಂದು ಇಷ್ಟೇ ಹೇಳಿದ್ದರೆ ಆಗುತ್ತಿತ್ತು. ಆದರೆ ಹಾಗೆ ಹೇಳಿದರೆ ಅವರು ಯಾಕೆಂದು ಕೇಳುತ್ತಿದ್ದರು. ಯಾಕೆಂದು ಹೇಳಿದರೆ ತನ್ನ ಮಾತಿಗೆ ರವಿವಾರ ಪೇಟೆಯ ಮಾಳಿಗೆಯಲ್ಲಿ ಕಿಮ್ಮತ್ತೇ ಇಲ್ಲ ಎಂಬುದೂ ಹೊರಗೆ ಬರುತ್ತಿತ್ತು. ‘ನಮ್ಮ ಮನಿ ಹುಡುಗಿ’ ಎಂದವರಿಗೆ ಅದನ್ನು ಹೇಗೆ ಹೇಳುವುದು? ವಾರದೊಳಗೆ ತಾನೇ ಸರಿ ಮಾಡಿಬಿಟ್ಟರೆ ಹೇಳುವ ಪ್ರಸಂಗವೇ ಬರುವುದಿಲ್ಲ ಎಂದುಕೊಂಡಳು. ಜನ ಇದಕ್ಕೆ ಸಂಕೋಚ ಎಂದು ಚಂದದ ಹೆಸರು ಇಟ್ಟಿದ್ದಾರೆ. ಖರೇ ಹೇಳಬೇಕೆಂದರೆ ಅದು ಹೆದರಿಕೆ. ಮಂಗಳವಾರ ಹೋಯಿತು, ಬುಧವಾರ ಹೋಯಿತು, ಅವಳು ಹಿಂಡಲಗಾದ ತನ್ನ ಮನೆಗೂ ಮಾಳಿಗೆಗೂ ಓಡಾಡಿದಳೇ ಹೊರತು ಫೋನ್ ಮಾಡಲಿಲ್ಲ.

ಗುರುವಾರ ಇಟಗಿಯ ಕಾಡವ್ವ ಖಾನಾಪುರಕ್ಕೆ ಬಂದಿದ್ದಳು.

ಇದೆಲ್ಲ ಬ್ರಾಹ್ಮಿಗೆ ಆಮೇಲೆ ತಿಳಿದದ್ದು. ಕಾಡವ್ವನಿಗೆ ಎಪ್ಪತ್ತರ ಮೇಲಾಗಿತ್ತು. ಗಂಡ ಇಲ್ಲ, ಮಕ್ಕಳಿಲ್ಲ. ಮನೆಯಲ್ಲೂ ಹೊಲದಲ್ಲೂ ತನಗಿದ್ದ ಪಾಲನ್ನು ಮೈದುನನ ಮಗ ಗುರುಪುತ್ರಪ್ಪನಿಗೆ ಬಿಟ್ಟುಕೊಡಲು ಒಪ್ಪಿದ್ದಳು. ಒಂದೇ ಕರಾರು. ಜೀವ ಇರುವತನಕ ಮನೆಯ ಮೂಡಣ ಬಾಜುವಿನ ಕೋಣೆಯಲ್ಲಿ ತಾನಿರಬೇಕು, ಎರಡು ಹೊತ್ತಿನ ರೊಟ್ಟಿ ಅವನು ಹಾಕಬೇಕು. ತಾತ್ಯಾಸಾಹೇಬರು ಹಕ್ಕು ಬಿಟ್ಟುಕೊಡುವ ಹಕ್ಕಸೋಡ ಪತ್ರದ ನಮೂನೆ ತೆರೆದು, ಕರಣಿಕ ಕೇಳಿದ್ದನ್ನೆಲ್ಲ ತುಂಬಿದರು. ಮೂಡಣ ಬಾಜು ಎಂದೂ ತುಂಬಿದರು. ಅಚ್ಚು ತೆಗೆದು ಎದ್ದು ನಿಂತು, ಕಾಡವ್ವನ ಮುಖ ನೋಡುತ್ತ ಓದಿದರು. ಆ ಸಾಲು ಬಂದಾಗ ದನಿ ಏರಿಸಿದರು: “ಸದರ ಕಾಡವ್ವ ಇವಳು ತನ್ನ ಹಯಾತಿ ಇರುವವರೆಗೆ ಮನೆಯ ಮೂಡಣ ಬಾಜುವಿನ ಕೋಲಿಯಲ್ಲಿ ವಾಸವಿರಲು ಹಕ್ಕುಳ್ಳವಳಿದ್ದು, ಆಕೆಯ ಅನ್ನ ವಸ್ತ್ರದ ಜವಾಬ್ದಾರಿ ಬರೆಸಿಕೊಂಡವರದ್ದು ಇರುತ್ತದೆ.” ಕಾಡವ್ವ ಗೋಣು ಹಾಕಿದಳು. ಗುರುಪುತ್ರಪ್ಪ, “ಹೌದ್ರಿ, ಹೌದ್ರಿ,” ಎಂದ. ಸಾಕ್ಷಿದಾರರು ಕೇಳಿದರು, ಬೇವಿನ ಮರದ ಕೆಳಗಿನವರು ಕೇಳಿದರು. ಅವರ ಕೈಯಲ್ಲಿದ್ದ ಕಾಗದದಲ್ಲಿ ಮಾತ್ರ ಆ ಸಾಲು ಇರಲಿಲ್ಲ. ಕಾಡವ್ವ ಪುಟಕ್ಕೊಂದರಂತೆ ಹೆಬ್ಬಟ್ಟು ಒತ್ತಿದಳು.

ಒಂದು ತಿಂಗಳು ಕಳೆಯಿತು. ಮಾರ್ತಾಂಡನ ‘ಮುಂದಿನ ಸಲ’ ಬರಲೇ ಇಲ್ಲ. ಬಂದದ್ದು ರವಿವಾರ ಪೇಟೆಯದೇ ಒಬ್ಬ ಠೋಕ ವ್ಯಾಪಾರಿಯ ಸಿಟ್ಟು. ಅವನ ಅಂಗಡಿಯ ಕಾಗದದ ನಮೂನೆಯಲ್ಲಿ, ನೆತ್ತಿಯ ಮೇಲಿನ ‘ಶ್ರೀ’ ಎಂಬುದರ ಮೊದಲಿಗೆ ಒಂದು ಚಿಕ್ಕಿ ಇತ್ತಂತೆ. ಈಗ ಶ್ರೀಕಾರವೇ ಬರುತ್ತಿಲ್ಲ, ಇದೆಂಥ ಅಪಶಕುನ ಎಂದು ಅವನು ಮೆಟ್ಟಿಲು ಏರಿ ಬಂದು ಒದರಾಡಿದ. ಮಾರ್ತಾಂಡ ಕೈ ಮುಗಿದ. ಅಂದೇ ಬ್ರಾಹ್ಮಿಯನ್ನು ಕರೆದು, “ಆ ಹಳೇ ಓದೂ ಭಾಗ ಇಟ್ಟೀಯಲ್ಲ, ಹಾಕು ತಿರುಗಿ,” ಎಂದ. ಅರವತ್ತೊಂದು ಸಾಲಿಗೆ ಆಗದ ಕೆಲಸ ಒಂದು ಶ್ರೀಕಾರಕ್ಕೆ ಎರಡು ದಿನದಲ್ಲಿ ಆಯಿತು. ಹಳೆಯ ನಮೂನೆಗಳು ಮತ್ತೆ ಮೊದಲಿನ ಹಾಗೆಯೇ ಬರತೊಡಗಿದವು. ಬ್ರಾಹ್ಮಿ ನಿಟ್ಟುಸಿರು ಬಿಟ್ಟಳು. ಫೋನ್ ಮಾಡದೇ ಇದ್ದದ್ದು ಒಳ್ಳೆಯದೇ ಆಯಿತು ಎಂದೂ ಅಂದುಕೊಂಡಳು. ಆ ದಿನದ ಆ ಸಮಾಧಾನವನ್ನು ನೆನೆದರೆ ಈಗಲೂ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಇನ್ನೊಂದು ತಿಂಗಳ ಮೇಲೆ ತಾತ್ಯಾಸಾಹೇಬರ ಫೋನು ಬಂತು. ದನಿ ಗುರುತು ಸಿಗದಷ್ಟು ಇಳಿದಿತ್ತು.

“ಮಗಳ, ನನ್ನಿಂದ ಒಂದ ದೊಡ್ಡ ತಪ್ಪಾಗೇತವಾ. ಒಬ್ಬಾಕಿ ಮುದುಕಿ ಪತ್ರದಾಗ ಚಿಕ್ಕಿ ಸಾಲ ಬಿಟ್ಟ ಹೋಗೇತಿ. ಆಕಿ ಮೈದುನನ ಮಗ ಮನಿ ಮಾರ್ಯಾನ. ಕೊಂಡಾವ್ರು ಆಕಿ ಹಾಸಿಗಿ ಹೊರಗ ಇಟ್ಟ ಹದಿನೈದ ದಿನಾತು. ಪತ್ರ ತಗದ ನೋಡಿದ್ರ ಸಾಲಽ ಇಲ್ಲ.”

“ಕಾಕಾ…”

“ನಮೂನಿಯೊಳಗೂ ಹೋಗೇತೇನೋ ಅಂತ ತಗದ ನೋಡಿದೆ. ಬರೋಬರ್ ಐತಿ. ಅಚ್ಚ ಹಾಕಿದ್ರೂ ಬರೋಬರ್ ಬರ್ತೈತಿ. ಅಂದ್ರ ಅವತ್ತ ನಾನ ಕೈ ತಪ್ಪಿ ಅಳಸಿರಬೇಕು. ನಲವತ್ತ ವರ್ಷದಾಗ ಹಿಂಗ ಆಗಿದ್ದಿಲ್ಲ. ವಯಸ್ಸಾತು. ಆದ್ರೂ ನಿನಗೊಮ್ಮೆ ಕೇಳೂಣಂತ ಫೋನ್ ಹಚ್ಚಿದೆ. ಮಶಿನ್ನಿಂದ ಹಂಗ ಆಗಾಕ ಸಾಧ್ಯ ಐತೇನು?”

“ನೋಡಿ ಹೇಳ್ತೀನ್ರಿ,” ಎಂದು ಬ್ರಾಹ್ಮಿ ಫೋನಿಟ್ಟಳು. ಆಗಲೂ ಹೇಳಲಿಲ್ಲ.

ಮಾರ್ತಾಂಡನ ಎದುರಿಗೆ ಹೋಗಿ ನಿಂತಳು. ಆ ಐದು ವಾರ ತಂತ್ರಾಂಶದಲ್ಲಿ ದೋಷವಿತ್ತು ಎಂದು ಕಂಪನಿಯಿಂದ ಒಂದು ಪತ್ರ ಕೊಟ್ಟರೆ ಮುದುಕಿಗೆ ಕೋರ್ಟಿನಲ್ಲಿ ಆಧಾರವಾಗುತ್ತದೆ ಎಂದಳು. ಮಾರ್ತಾಂಡ ಅವಳನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದ.

“ಮುಂದಿನ ವಾರ ಪುಣೆಯವರ ಸಹಿ ಐತಿ. ನಾ ಪತ್ರ ಬರದ ಕೊಡ್ಲೇನು? ಈಗ ಎಲ್ಲಾ ಸರಿ ಐತಲ್ಲ. ಯಾರ ಕೇಳಿದ್ರೂ ನಮೂನಿ ತಗದ ತೋರಸು. ಸಾಲ ಬರ್ತೈತಿ, ಬರೂದಿಲ್ಲಂತ ಯಾರ ಹೇಳ್ತಾರ?”

ಅವನು ಹೇಳಿದ್ದು ನಿಜವಾಗಿತ್ತು, ಅದೇ ಅವಳನ್ನು ಸುಟ್ಟಿತು. ಹಳೆಯದನ್ನು ಅವಳು ಎಷ್ಟು ಚೊಕ್ಕವಾಗಿ ಉಳಿಸಿದ್ದಳೆಂದರೆ, ನಡುವೆ ಅದು ಸತ್ತಿತ್ತು ಎಂಬುದಕ್ಕೆ ಗುರುತೇ ಉಳಿದಿರಲಿಲ್ಲ. ಎರಡು ತಿಂಗಳು ಹಗಲೆಲ್ಲ ಕೂತು ಮಾಡಿದ ಕೆಲಸವೇ ಈಗ ತಾತ್ಯಾಸಾಹೇಬರ ವಿರುದ್ಧ ಸಾಕ್ಷಿ ನುಡಿಯುತ್ತಿತ್ತು. ಇನ್ನು ಉಳಿದದ್ದು ಒಂದೇ ಕಾಗದ, ಸೋಮವಾರದ ಆ ಮೇಲ್. ಅದರಲ್ಲಿ ಹಕ್ಕಸೋಡ ಪತ್ರದ ಆ ಸಾಲು ಹದಿನೇಳನೆಯದು. ಅದು ದೋಷವನ್ನು ಸಾಬೀತು ಮಾಡುತ್ತಿತ್ತು. ಕಳಿಸಿದವಳಿಗೆ ಎಲ್ಲ ಮೊದಲೇ ಗೊತ್ತಿತ್ತು ಎಂಬುದನ್ನೂ ಸಾಬೀತು ಮಾಡುತ್ತಿತ್ತು. ಒಂದನ್ನು ಬಿಟ್ಟು ಇನ್ನೊಂದನ್ನು ತೋರಿಸುವ ಹಾಗಿರಲಿಲ್ಲ. ಕಾಡವ್ವನ ಕೋಲಿ ತಿರುಗಿ ಬರಬೇಕಾದರೆ, ತಾತ್ಯಾಸಾಹೇಬರ ನಲವತ್ತು ವರ್ಷದ ಹೆಸರು ಉಳಿಯಬೇಕಾದರೆ, ತನ್ನ ಹೆಸರು ಹೋಗಬೇಕು.

ಮರುದಿನ ಅವಳು ಅದನ್ನು ಅಚ್ಚು ಹಾಕಿ ಚೀಲದಲ್ಲಿ ಇಟ್ಟುಕೊಂಡು ಖಾನಾಪುರದ ಬಸ್ಸು ಹತ್ತಿದಳು. ಮಲಪ್ರಭೆಯ ಸೇತುವೆ ದಾಟುವಾಗ, ಇಳಿದು ತಿರುಗಿ ಹೋಗಿಬಿಡಲೇ ಎಂದು ಒಮ್ಮೆ ಅನ್ನಿಸಿತು. ಹೋಗಲಿಲ್ಲ.

ಬೇವಿನ ಮರದ ಕೆಳಗೆ ತಾತ್ಯಾಸಾಹೇಬರ ಮೇಜಿನ ಮುಂದೆ ಒಬ್ಬನೇ ಗಿರಾಕಿ ಇದ್ದ. ಅವರು ಪತ್ರ ಓದುತ್ತಿದ್ದರು, ನಿಂತಲ್ಲ, ಕೂತು. ಮೂಗಿನ ಹತ್ತಿರ ಕಾಗದ ಹಿಡಿದು, ಒಂದೊಂದು ಶಬ್ದದ ಕೆಳಗೂ ಬೆರಳಿಟ್ಟು, ಹೊಸದಾಗಿ ಅಕ್ಷರ ಕಲಿತವರ ಹಾಗೆ ತಡೆದು ತಡೆದು ಓದುತ್ತಿದ್ದರು. ಗಿರಾಕಿ ಆಕಳಿಸಿ ಬಾಜುವಿನ ಬಾಂಡ್ ರೈಟರನ ಕಡೆ ನೋಡಿದ. ಅಲ್ಲಿ ಎಂಟು ಮಂದಿ ಸರದಿಯಲ್ಲಿದ್ದರು. ಮುದುಕನಿಗೆ ಓದಲೂ ಬರದಾಗಿದೆ ಎಂದು ಮಾತಾಗಿತ್ತು.

ಅವರ ಬಾಜುವಿನ ಬೆಂಚಿನ ಮೇಲೆ ಒಬ್ಬ ಮುದುಕಿ ಕಾಲು ಮಡಚಿ ಕೂತಿದ್ದಳು. ಬೀಡಿ ಎಂಬ ಊರಲ್ಲಿ ತಂಗಿಯ ಮನೆಯ ಕಟ್ಟೆಯ ಮೇಲೆ ಮಲಗಿ, ದಿನಾ ಮುಂಜಾನೆ ಬಸ್ಸಿಗೆ ಇಲ್ಲಿಗೆ ಬರುತ್ತಿದ್ದಳು. ಗಿರಾಕಿ ಎದ್ದು ಹೋದ ಮೇಲೆ ಅವಳು, “ಯಪ್ಪಾ, ಇನ್ನೊಮ್ಮೆ ಓದ್ರಿ ಅದನ್ನ,” ಎಂದಳು. ತಾತ್ಯಾಸಾಹೇಬರು ನಮೂನೆಯಿಂದ ತೆಗೆದ ಹಾಳೆಯನ್ನು ಹಿಡಿದು ಆ ಸಾಲನ್ನು ಬೆರಳಿಟ್ಟು ಓದಿದರು. ಕಾಡವ್ವ ಕಣ್ಣು ಮುಚ್ಚಿ ಕೇಳಿದಳು. “ಅವತ್ತೂ ಹಿಂಗ ಓದಿದ್ರಿ. ನಾ ಕೇಳೀನಿ. ಅಂವನೂ ಕೇಳ್ಯಾನ. ಈಗ ಎಲ್ಲಾರೂ ಕೇಳಿಲ್ಲ ಅಂತಾರ,” ಎಂದಳು.

ಆಗ ತಾತ್ಯಾಸಾಹೇಬರು ಬ್ರಾಹ್ಮಿಯನ್ನು ಕಂಡರು. ಮುಖ ಅರಳಿತು. “ಬಾರವಾ, ಬಾ, ಕುಂದರು. ಇಷ್ಟ ದೂರ ಯಾಕ ಬಂದಿ, ಫೋನಿನ್ಯಾಗ ಹೇಳಿದ್ರ ಆಗ್ತಿತ್ತು.”

ಅವಳು ಕೂರಲಿಲ್ಲ. ಚೀಲದಿಂದ ಕಾಗದ ತೆಗೆದು ಅವರ ಮುಂದಿಟ್ಟಳು. “ನಿಮ್ಮದು ತಪ್ಪಿಲ್ರಿ ಕಾಕಾ. ನಮ್ಮದು. ಐದ ವಾರ ಕರಣಿಕ ಚಿಕ್ಕಿ ಹಚ್ಚಿದ ಸಾಲ ಬಿಡ್ತಿತ್ತು. ಇದರಾಗ ಎಲ್ಲಾ ಐತಿ. ಹದಿನೇಳನೇದು ನೋಡ್ರಿ.”

ತಾತ್ಯಾಸಾಹೇಬರು ಬೆರಳಿಟ್ಟು ಓದಿದರು. ಹದಿನೇಳನೆಯದು ಸಿಕ್ಕಾಗ ಅವರ ಹೆಗಲು ಒಮ್ಮೆಲೇ ಸಡಿಲಾಯಿತು. ಹದಿನೈದು ದಿನದಿಂದ ಹೊತ್ತ ಮೂಟೆ ಇಳಿದವರ ಹಾಗೆ ಕಾಡವ್ವನ ಕಡೆ ತಿರುಗಿ, “ನಾ ಅಳಸಿಲ್ಲಬೇ ಯಕ್ಕಾ, ನಾ ಅಳಸಿಲ್ಲ,” ಎಂದರು. ಕಣ್ಣಲ್ಲಿ ನೀರು ಬಂತು. ಬ್ರಾಹ್ಮಿಗೆ ಒಂದು ಕ್ಷಣ, ಇಷ್ಟಕ್ಕೇ ನಿಲ್ಲಲಿ ಎಂಬ ಆಸೆ ಹುಟ್ಟಿತು.

ಬೆರಳು ನಿಲ್ಲಲಿಲ್ಲ. ಈಗ ಅವರು ಯಾವ ಕಾಗದವನ್ನೂ ಪೂರ್ತಿ ಓದದೆ ಬಿಡುವವರಾಗಿರಲಿಲ್ಲ. ಅದು ನಿಧಾನವಾಗಿ ಮೇಲಕ್ಕೆ, ಕಳಿಸಿದವರ ಹೆಸರಿನ ಮೇಲೆ, ಅಲ್ಲಿಂದ ತಾರೀಖಿನ ಮೇಲೆ ಹೋಯಿತು.

“ಸೋಮವಾರ,” ಎಂದರು.

“ಹೌದ್ರಿ.”

“ಕಾಡವ್ವನ ಪತ್ರ ಗುರುವಾರದ್ದು.”

“ಹೌದ್ರಿ.”

“ನನ್ನ ನಂಬರ್ ಇತ್ತಲ್ಲ?”

ಬ್ರಾಹ್ಮಿ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಬಿಟ್ಟಳು. “ಇತ್ರಿ,” ಎಂದಳು. “ಹೆದರಿದೆ. ನಾನ ಕೋರ್ಟಿಗೆ ಬಂದ ಹೇಳ್ತೀನ್ರಿ ಕಾಕಾ. ನೌಕರಿ ಹೋದ್ರೂ ಹೇಳ್ತೀನಿ.”

ಅವರು ಬಹಳ ಹೊತ್ತು ಅವಳ ಮುಖ ನೋಡಿದರು, ಹಿಂದೆ ಪತ್ರ ಓದುವಾಗ ನೋಡುತ್ತಿದ್ದ ಹಾಗೆಯೇ. ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಾಡವ್ವನ ಕೈಗೆ ಕೊಟ್ಟು, “ಜ್ವಾಕಿ, ವಕೀಲರಿಗೆ ಕೊಡೂದೈತಿ,” ಎಂದರು. ಬ್ರಾಹ್ಮಿಯ ಕಡೆ ತಿರುಗಿ, ಕಚೇರಿಯವರ ಹತ್ತಿರ ಮಾತಾಡುವ ದನಿಯಲ್ಲಿ ಹೇಳಿದರು: “ಬಂದ ಹೇಳಬೇಕಾಗ್ತೈತ್ರಿ. ತಾರೀಖ ತಿಳಸ್ತೀನಿ. ಬೆಳಗಾವಿ ಬಸ್ಸ ಐದೂವರಿಗೆ ಐತ್ರಿ ಮೇಡಂ.”

ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಊಟದ ಮಾತು ಬರಲಿಲ್ಲ. ಬ್ರಾಹ್ಮಿ ಚೀಲ ಹೆಗಲಿಗೆ ಹಾಕಿಕೊಂಡು ಎರಡು ಹೆಜ್ಜೆ ಇಟ್ಟಿದ್ದಳು, ಹಿಂದಿನಿಂದ ಕಾಡವ್ವನ ದನಿ ಕೇಳಿಸಿತು.

“ಯಾರ್ರಿ ಯಪ್ಪಾ ಆ ಹುಡುಗಿ? ನಿಮ್ಮ ಮನ್ಯಾಕೇನು?”

“ಅಲ್ಲ,” ಎಂದರು ತಾತ್ಯಾಸಾಹೇಬರು. “ಅವರು ಕಂಪನಿಯವರು.”